ಯೋಬು ಮೇಷ್ಟ್ರ ಮೇಕೆ ಯೋಜನೆ

ಯೋಬು ಮೇಷ್ಟ್ರು ಕೆಟ್ಟ ಮನುಷ್ಯರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ವರ್ಷ ಈಸ್ಟರ್ ಹತ್ತಿರ ಬರುವ ಹೊತ್ತಿಗೆ ನಮ್ಮೂರಿನ ನೂರ ನಲವತ್ತು ಜನ ಅವರ ಬಗ್ಗೆ ಬೇರೆಯೇ ಮಾತಾಡುತ್ತಿದ್ದರು. ಅದರಲ್ಲಿ ಅರ್ಧ ಮಾತು ಬರೆಯುವಂಥದ್ದಲ್ಲ.

ನಮ್ಮ ಪ್ರಾರ್ಥನಾ ಮಂದಿರದಲ್ಲಿ ದೊಡ್ಡವರ ತರಗತಿಯನ್ನು ನಡೆಸುತ್ತಿದ್ದವರು ಅವರು. ವಯಸ್ಸಾದ ಮೇಲೆ ದೇವರ ನೆನಪಾದವರು ಅಲ್ಲಿ ಕೂತು ಪ್ರಶ್ನೋತ್ತರದ ಪುಸ್ತಕವನ್ನು ಬಾಯಿಪಾಠ ಮಾಡಬೇಕು, ಪಾದ್ರಿಗಳು ಬಂದು ಪರೀಕ್ಷೆ ಮಾಡಬೇಕು, ಪಾಸಾದರೆ ದೀಕ್ಷಾಸ್ನಾನ. ದೀಕ್ಷಾಸ್ನಾನ ಆಗಿದ್ದೂ ಜಾರಿ ಬಿದ್ದವರು, ಅಂದರೆ ಎರಡನೇ ಹೆಂಡತಿ ತಂದವರು, ಹೆಂಡ ಕುಡಿದು ಹಿರಿಯರ ಕೈಗೆ ಸಿಕ್ಕಿಬಿದ್ದವರು, ಅವರೂ ಅಲ್ಲೇ ಕೂತು ಮೊದಲಿನಿಂದ ಕಲಿತು ಮತ್ತೆ ಒಳಗೆ ಬರಬೇಕು. ನಾನು ಈ ಎರಡನೇ ಗುಂಪಿನವನು. ನನಗೆ ಹೆಂಡತಿ ಒಬ್ಬಳೇ, ಆದ್ದರಿಂದ ಕಾರಣ ಯಾವುದೆಂದು ನೀವೇ ಊಹಿಸಿಕೊಳ್ಳಿ. ದಿನವಿಡೀ ಸೈಕಲ್ ಟ್ಯೂಬಿಗೆ ಗಾಳಿ ಹೊಡೆಯುವವನಿಗೆ ಬಾಯಾರಿಕೆ ಜಾಸ್ತಿ.

ಏಳು ವರ್ಷ ತರಗತಿ ಒಂದೇ ರೀತಿ ನಡೆಯಿತು. ಮೇಷ್ಟ್ರು ನಿಂತು ಓದುತ್ತಿದ್ದರು, ನಾವು ಒಂಬತ್ತು ಜನರಲ್ಲಿ ಎಂಟು ಮಂದಿ ಕೂತು ನಿದ್ದೆ ಮಾಡುತ್ತಿದ್ದೆವು. ನನ್ನ ಮಟ್ಟಿಗೆ ಹೇಳುವುದಾದರೆ ಅಂಥ ಒಳ್ಳೆಯ ನಿದ್ದೆ ನನಗೆ ಮನೆಯಲ್ಲೂ ಬಂದದ್ದಿಲ್ಲ.

ನಿದ್ದೆ ಮಾಡದೆ ಕೂತಿರುತ್ತಿದ್ದವಳು ಮಸೌತ್ಸೊ ಅಜ್ಜಿ ಒಬ್ಬಳೇ. ಮಸೌತ್ಸೊ ಅಂದರೆ ನಮ್ಮ ಮಾತಿನಲ್ಲಿ ಕಷ್ಟಗಳು ಎಂದರ್ಥ. ಅವಳು ಹುಟ್ಟಿದ ವರ್ಷ ಆ ಮನೆಯಲ್ಲಿ ಏನೇನೋ ಆಗಿತ್ತಂತೆ, ದೇವರಿಗೆ ಏನೂ ಮಾಡಲಾಗದೆ ಮಗುವಿಗೆ ಆ ಹೆಸರಿಟ್ಟು ಸಿಟ್ಟು ತೀರಿಸಿಕೊಂಡರು. ಅಜ್ಜಿ ಆರು ಸಲ ಪರೀಕ್ಷೆಗೆ ಕೂತು ಆರು ಸಲವೂ ಫೇಲಾಗಿದ್ದಳು. ಪುಸ್ತಕದಲ್ಲಿ ಉತ್ತರ ಹೇಗಿದೆಯೋ ಹಾಗೇ ಹೇಳಬೇಕು ಎನ್ನುವುದು ನಿಯಮ. ಅಜ್ಜಿಗೆ ಉತ್ತರದ ತಲೆ ಸಿಕ್ಕರೆ ಬಾಲ ಸಿಗುತ್ತಿರಲಿಲ್ಲ.

ಅವಳ ಹಟಕ್ಕೆ ಕಾರಣವಿತ್ತು. ಮೂರು ವರ್ಷದ ಹಿಂದೆ ಅವಳ ತಂಗಿ ತೀರಿಹೋದಳು. ತಂಗಿಗೆ ದೀಕ್ಷಾಸ್ನಾನ ಆಗಿರಲಿಲ್ಲವಾದ್ದರಿಂದ ಮಂದಿರದ ಮಹಿಳಾ ಸಂಘದವರು ಹಾಡಲಿಲ್ಲ. ಬಂದರು, ದೂರದಲ್ಲಿ ಕೂತರು, ಗಂಜಿ ಕುಡಿದರು, ಎದ್ದು ಹೋದರು. ನಮ್ಮೂರಲ್ಲಿ ಸಂಘದ ಹೆಂಗಸರು ತಲೆಗೆ ಬಿಳಿ ಬಟ್ಟೆ ಕಟ್ಟಿ, ಸಾಲಾಗಿ ನಡೆಯುತ್ತ, ಮಣ್ಣು ಮುಚ್ಚುವವರೆಗೂ ಹಾಡಿ ಕಳಿಸಿದರೇ ಒಬ್ಬ ಮನುಷ್ಯ ನಿಜವಾಗಿ ಹೋದ ಹಾಗೆ. ಅಜ್ಜಿ ಅವತ್ತೇ ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದಳು, ನನ್ನನ್ನು ಮಾತ್ರ ಹೀಗೆ ಜೋಳದ ಮೂಟೆ ಸಾಗಿಸಿದ ಹಾಗೆ ಸಾಗಿಸಬೇಡಿ ಎಂದು.

ಹೀಗಿರುವಾಗ ಸಭೆಯ ಹಿರಿಯ ಕಂಬುವಾ ಒಂದು ಬಾಂಬು ಹಾಕಿದರು. ಕಂಬುವಾ ಅವರದು ದೊಡ್ಡ ಗಂಟಲು, ಸಣ್ಣ ತಾಳ್ಮೆ. ಎರಡು ವರ್ಷದಿಂದ ಈ ತರಗತಿಯಿಂದ ಒಬ್ಬರೂ ಪಾಸಾಗಿಲ್ಲ, ಈ ಈಸ್ಟರಿಗೂ ಇದೇ ಕಥೆಯಾದರೆ ತರಗತಿ ಮುಚ್ಚುವುದು, ದೀಕ್ಷಾಸ್ನಾನ ಬೇಕಾದವರು ದೊಡ್ಡ ಸಭೆಗೆ ನಡೆದು ಹೋಗಿ ಕಲಿಯಲಿ ಎಂದರು. ದೊಡ್ಡ ಸಭೆ ಇಪ್ಪತ್ತೆಂಟು ಕಿಲೋಮೀಟರ್ ದೂರ. ಮಸೌತ್ಸೊ ಅಜ್ಜಿ ಬಾವಿಗೆ ಹೋಗಿ ಬರುವಷ್ಟರಲ್ಲೇ ಎರಡು ಸಲ ಕೂರುವವಳು.

ಆಗಲೇ ರಾಜಧಾನಿ ಲಿಲೊಂಗ್ವೆಯಲ್ಲಿ ದೊಡ್ಡವರಿಗೆ ಕಲಿಸುವುದು ಹೇಗೆ ಎಂದು ಮೂರು ದಿನದ ತರಬೇತಿ ಇದೆಯೆಂದು ಕಾಗದ ಬಂತು. ಕೊನೆಯ ಪ್ರಯತ್ನ ಎಂದು ಯೋಬು ಮೇಷ್ಟ್ರನ್ನು ಕಳಿಸಿದರು. ಅವರು ಮಿನಿಬಸ್ಸಿನಲ್ಲಿ ಹೋಗುವಾಗ ಬರಿಗೈಯಲ್ಲಿ ಹೋದರು. ಬರುವಾಗ ಬಗಲಲ್ಲಿ ಹಾಸಿಗೆಯಷ್ಟು ದೊಡ್ಡ ಬಿಳಿ ಕಾಗದಗಳ ಸುರುಳಿ, ಜೇಬಿನಲ್ಲಿ ನಾಲ್ಕು ಬಣ್ಣದ ದಪ್ಪ ಪೆನ್ನು, ತಲೆಯ ಮೇಲೆ ‘ನಿಮ್ಮ ಅಗತ್ಯವೇ ನಮ್ಮ ಪಾಠ’ ಎಂದು ಬರೆದ ಹೊಸ ಟೋಪಿ. ಆ ಟೋಪಿ ಅವರ ತಲೆಗೆ ಸ್ವಲ್ಪ ದೊಡ್ಡದು, ಕಿವಿಯವರೆಗೂ ಇಳಿಯುತ್ತಿತ್ತು. ಆದರೂ ತೆಗೆಯಲಿಲ್ಲ.

ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಅವರು ಎದ್ದು ನಿಂತು, ಇಡೀ ಸಭೆಯ ಮುಂದೆ, ಆಮೇಲೆ ಎಷ್ಟು ಪಶ್ಚಾತ್ತಾಪ ಪಟ್ಟರೂ ವಾಪಸು ಬರದಂಥ ಒಂದು ಮಾತನ್ನು ಹೇಳಿದರು.

"ಇನ್ಮೇಲೆ ನಾನು ನಿಮ್ಮ ಮೇಷ್ಟ್ರಲ್ಲ. ನಾನು ನಿಮ್ಮ ಮ್ಲಂಗಿಜಿ."

ತಪ್ಪು ಅವರದಲ್ಲ. ದೊಡ್ಡವರಿಗೆ ಮೇಷ್ಟ್ರಾಗಬೇಡಿ, ಜೊತೆಗೆ ಕೂತು ದಾರಿ ತೋರಿಸುವ ಸಲಹೆಗಾರರಾಗಿ ಎಂದು ತರಬೇತಿಯಲ್ಲಿ ಹೇಳಿದ್ದರಂತೆ. ಸಲಹೆಗಾರ ಅನ್ನುವುದಕ್ಕೆ ನಮ್ಮ ಮಾತಿನಲ್ಲಿ ಮ್ಲಂಗಿಜಿ ಅಂತಲೇ ಅನ್ನಬೇಕು. ಆದರೆ ನಮ್ಮ ಸೀಮೆಯಲ್ಲಿ ಯಾವ ಮಗುವನ್ನು ಕೇಳಿದರೂ ಮ್ಲಂಗಿಜಿ ಅಂದರೆ ಒಬ್ಬನೇ: ಮೋಟಾರ್‌ಸೈಕಲ್ಲಿನಲ್ಲಿ ಬರುವ ಕೃಷಿ ಇಲಾಖೆಯವನು. ಟೋಪಿ ಹಾಕಿಕೊಂಡು, ಬಿಳಿ ಕಾಗದ ಅಂಟಿಸಿ, ಎಲ್ಲರನ್ನೂ ಸುತ್ತ ಕೂರಿಸಿ, ನಿಮಗೇನು ಬೇಕು ಎಂದು ಕೇಳಿ, ಹೆಸರು ಬರೆದುಕೊಂಡು ಹೋಗುವವನು. ಅವನು ಬಂದು ಹೋದ ಕೆಲವು ತಿಂಗಳಿಗೆ ಗೊಬ್ಬರ ಬರುತ್ತದೆ, ಇಲ್ಲವೆ ಮೇಕೆ ಬರುತ್ತದೆ. ಹೆಚ್ಚಿನ ಸಲ ಪಕ್ಕದೂರಿಗೆ ಬರುತ್ತದೆ.

ಮೇಷ್ಟ್ರು ನಮ್ಮನ್ನು ಮಾವಿನ ಮರದ ಕೆಳಗೆ ಸುತ್ತ ಕೂರಿಸಿದರು. ಸಾಲಾಗಿ ಕೂತರೆ ದೊಡ್ಡವರಿಗೆ ಶಾಲೆಯ ನೆನಪಾಗಿ ಮನಸ್ಸು ಮುಚ್ಚಿಕೊಳ್ಳುತ್ತದಂತೆ. ಸುತ್ತ ಕೂತದ್ದರಿಂದ ನನಗೂ ನನ್ನ ಅತ್ತೆಗೂ ಎದುರುಬದುರಾಯಿತು. ನಮ್ಮಲ್ಲಿ ಅಳಿಯನಾದವನು ಅತ್ತೆಯ ಮುಖಕ್ಕೆ ಮುಖ ಕೊಟ್ಟು ಕೂರುವಂತಿಲ್ಲ, ಹಾಗಾಗಿ ಆ ಪಾಠ ಪೂರ್ತಿ ನಾನು ಮಾವಿನ ಕೊಂಬೆ ನೋಡುತ್ತ ಕೂತೆ. ಏಳು ವರ್ಷದಲ್ಲಿ ಮೊದಲ ಸಲ ನಿದ್ದೆ ಬರಲಿಲ್ಲ.

ಮೇಷ್ಟ್ರು ಮರಕ್ಕೆ ಮುಳ್ಳು ಚುಚ್ಚಿ ಬಿಳಿ ಕಾಗದ ಸಿಕ್ಕಿಸಿದರು. ನೀಲಿ ಪೆನ್ನು ತೆಗೆದರು. "ನಿಮಗೆ ಏನು ಬೇಕು?" ಎಂದು ಕೇಳಿದರು. ಪ್ರಶ್ನೆ ಕೇಳಿದ ಮೇಲೆ ಅವಸರ ಮಾಡಬಾರದು, ಮನಸ್ಸಿನಲ್ಲೇ ಹತ್ತು ಎಣಿಸಿ ಕಾಯಬೇಕು ಎನ್ನುವುದು ತರಬೇತಿಯ ಇನ್ನೊಂದು ಸೂತ್ರ. ನಮ್ಮ ಮೇಷ್ಟ್ರಿಗೆ ಮನಸ್ಸಿನಲ್ಲಿ ಎಣಿಸಲು ಬರುವುದಿಲ್ಲ. ಒಬ್ಬೊಬ್ಬರ ಮುಖ ನೋಡುತ್ತ, ತುಟಿ ಆಡಿಸುತ್ತ, ಬೆರಳು ಮಡಿಸುತ್ತ ಎಣಿಸಿದರು. ಕಾಗದ, ಪೆನ್ನು, ಟೋಪಿ, ಈಗ ತಲೆ ಎಣಿಕೆ. ನಾವೆಲ್ಲ ಬೆನ್ನು ನೆಟ್ಟಗೆ ಮಾಡಿ ಕೂತೆವು. ನನ್ನ ಅತ್ತೆ ಬೇಲಿಯಾಚೆ ಆಡುತ್ತಿದ್ದ ಇಬ್ಬರು ಮೊಮ್ಮಕ್ಕಳನ್ನು ಎಳೆದು ತಂದು ಪಕ್ಕದಲ್ಲಿ ಕೂರಿಸಿಕೊಂಡಳು.

ಮೊದಲು ಬಾಯಿ ಬಿಟ್ಟವನು ನಾನೇ. ಒಪ್ಪಿಕೊಳ್ಳುತ್ತೇನೆ. "ಮೇಕೆ" ಅಂದೆ.

ದೊಡ್ಡವರು ಕೊಟ್ಟ ಯಾವ ಉತ್ತರವನ್ನೂ ತಪ್ಪೆನ್ನಬಾರದು, ಹೇಳಿದ್ದನ್ನೆಲ್ಲ ಬರೆಯಬೇಕು ಎಂದು ಅವರಿಗೆ ಕಲಿಸಿದ್ದರು. ಮೇಷ್ಟ್ರು ಒಂದು ಕ್ಷಣ ತಡೆದು, ಆಮೇಲೆ ನಗುತ್ತ, ದೊಡ್ಡಕ್ಷರದಲ್ಲಿ ಮೇಕೆ ಎಂದು ಬರೆದರು. ಕಾಗದದ ಮೇಲೆ ಆ ಎರಡಕ್ಷರ ಬಿದ್ದದ್ದೇ ತಡ, ನಮ್ಮ ಅನುಮಾನವೆಲ್ಲ ಹೋಯಿತು. ಒಬ್ಬರು ಹೆಣ್ಣು ಮೇಕೆ ಅಂದರು. ಇನ್ನೊಬ್ಬರು ಗೊಬ್ಬರ ಅಂದರು, ಮತ್ತೊಬ್ಬರು ಛಾವಣಿಗೆ ತಗಡು ಅಂದರು. ಎಲ್ಲವನ್ನೂ ಬರೆದರು. ಕೊನೆಯಲ್ಲಿ ಮಸೌತ್ಸೊ ಅಜ್ಜಿಯ ಕಡೆ ತಿರುಗಿ, ಅಜ್ಜಿ, ನಿನಗೆ? ಎಂದರು.

ಅಜ್ಜಿ ಕಾಗದವನ್ನೇ ನೋಡುತ್ತಿದ್ದಳು. "ನೀರು" ಅಂದಳು.

ಎಲ್ಲರೂ ತಲೆದೂಗಿದೆವು. ಬೋರ್‌ವೆಲ್ ನಮಗೆ ಯಾರಿಗೂ ಹೊಳೆದಿರಲಿಲ್ಲ.

ಯೋಬು ಮೇಷ್ಟ್ರು ಅವತ್ತು ಮನೆಗೆ ಹೋದದ್ದು ನೆಲದ ಮೇಲಲ್ಲ, ಗಾಳಿಯಲ್ಲಿ. ಯಾರೂ ನಿದ್ದೆ ಮಾಡಲಿಲ್ಲ, ಎಲ್ಲರೂ ಮಾತಾಡಿದರು ಎಂದು ಹೆಂಡತಿ ನಾಜೆರೆಗೆ ಮೂರು ಸಲ ಹೇಳಿದರಂತೆ. ಮೇಕೆಯ ಮಾತನ್ನು ಅವರು ಹೇಗೆ ಅರ್ಥ ಮಾಡಿಕೊಂಡರು ಎಂದು ಕೇಳುತ್ತೀರಾ? ದೊಡ್ಡವರು ತಮ್ಮ ಅನುಭವದಿಂದ ಮಾತಾಡುತ್ತಾರೆ, ಪಾಠ ಅಲ್ಲಿಂದ ಶುರುವಾಗಲಿ ಎಂದು ತರಬೇತಿಯಲ್ಲಿ ಹೇಳಿದ್ದರಲ್ಲ, ಅದಕ್ಕೇ ಈ ಜನರಿಗೆ ಕುರುಬನ ವಿಷಯದಲ್ಲಿ ಆಸಕ್ತಿಯಿದೆ ಎಂದು ತೀರ್ಮಾನಿಸಿ ವಾರವಿಡೀ ಕೂತು ಬೈಬಲಿನ ಕಳೆದುಹೋದ ಕುರಿಯ ಪಾಠ ಸಿದ್ಧ ಮಾಡಿದರು. ಎರಡನೇ ಭಾನುವಾರ ಅವರು ಒಬ್ಬ ಒಳ್ಳೆಯ ಕುರುಬ ಏನೇನು ಮಾಡಬೇಕು ಎಂದು ನಮ್ಮನ್ನು ಕೇಳಿದರು. ನಾವು ಉತ್ಸಾಹದಿಂದ ದೊಡ್ಡಿ ಕಟ್ಟುವುದು, ಗೊರಸು ಕತ್ತರಿಸುವುದು, ಹೊಟ್ಟೆಹುಳಕ್ಕೆ ಔಷಧಿ ಹಾಕುವುದು ಎಂದೆಲ್ಲ ಹೇಳಿದೆವು. ಇದಕ್ಕಿಂತ ದೊಡ್ಡ ಪುರಾವೆ ಯಾರಿಗೆ ಬೇಕಿತ್ತು? ಮೇಕೆ ಕೊಡುವ ಮೊದಲು ಸಾಕಲು ಬರುತ್ತದೆಯೇ ಎಂದು ಪರೀಕ್ಷಿಸುವುದು ಎಲ್ಲ ಯೋಜನೆಯಲ್ಲೂ ಇರುವುದೇ.

ಒಂಬತ್ತು ಜನ ಇದ್ದದ್ದು ನಲವತ್ತಾಯಿತು. ಮೂರನೇ ವಾರಕ್ಕೆ ನೂರು ದಾಟಿತು. ಗುಡ್ಡದಾಚೆಯ ಕ್ಯಾಥೊಲಿಕರು ತಮ್ಮ ಬೆಂಚನ್ನು ತಾವೇ ಹೊತ್ತು ತಂದರು. ಮಾರುಕಟ್ಟೆಯಲ್ಲಿ ಒಣಮೀನು ಮಾರುವ ಮುಸ್ಲಿಮರು ಮೂವರು ಬಂದು, ನಮಗೆ ಯಾವ ಪಾಠವಾದರೂ ಸರಿ, ಹೆಣ್ಣು ಮೇಕೆಯಾದರೆ ಸಾಕು ಎಂದು ಪಕ್ಕದಲ್ಲಿದ್ದವರಿಗೆ ಹೇಳಿ ಕೂತರು. ಪ್ರಶ್ನೋತ್ತರ ಸರಿಯಾಗಿ ಹೇಳಿದವರಿಗೇ ಮೊದಲ ಸರತಿ ಎಂದು ಯಾರೋ ಗಾಳಿಗೆ ಬಿಟ್ಟರು. ಅದಾದ ಮೇಲೆ ಜೋಳದ ಹೊಲದಲ್ಲಿ, ಬಾವಿಯ ಹತ್ತಿರ, ಹಿಟ್ಟಿನ ಗಿರಣಿಯ ಸಾಲಿನಲ್ಲಿ, ಎಲ್ಲೆಲ್ಲೂ ಜನ ಪಾಪ ಎಂದರೇನು, ಪಾಪ ಎಂದರೇನು ಎಂದು ಒಬ್ಬರನ್ನೊಬ್ಬರು ಕೇಳತೊಡಗಿದರು. ಮನೆಮನೆಯ ಹಿಂದೆ ಕಂಬ ನೆಟ್ಟು ಮೇಕೆ ದೊಡ್ಡಿ ಎದ್ದವು. ನಾನೂ ಒಂದು ಕಟ್ಟಿದೆ, ಒಳ್ಳೆಯ ಮರದಲ್ಲಿ.

ಊರ ಯಜಮಾನ ಚಿಂಬಲಂಗ ನಾಲ್ಕನೇ ವಾರ ತಮ್ಮ ಕುರ್ಚಿಯ ಸಮೇತ ಬಂದರು. ಅವರು ನಾಜೆರೆಯ ಸೋದರಮಾವ. ಯೋಬು ಮೇಷ್ಟ್ರು ನಮ್ಮೂರಿಗೆ ಮನೆಯಳಿಯ. ಸೋದರಮಾವ ಮನಸ್ಸು ಮಾಡಿದರೆ ಮನೆಯಳಿಯನ ಚಾಪೆ ಕೊಡಲಿಯನ್ನು ಹೊರಗಿಟ್ಟು ಹುಟ್ಟೂರಿನ ದಾರಿ ತೋರಿಸಬಹುದು. ಅಂಥ ಯಜಮಾನರು, ಮೇಷ್ಟ್ರು ಆಮೇಲೆ ಮಂದಿರದ ಗೋಡೆಗೆ ಗಂಜಿಯಿಂದ ಅಂಟಿಸಿದ್ದ ಪಟ್ಟಿಯನ್ನು ಪೂರ್ತಿ ಓದಿಸಿಕೊಂಡು, ನೀರು ಎನ್ನುವ ಕಡೆ ಬೆರಳಿಟ್ಟು, ಬೋರ್‌ವೆಲ್ ತಮ್ಮ ಅಂಗಳದ ಮುಂದೆ ಬಂದರೆ ಇಡೀ ಊರಿಗೆ ಅನುಕೂಲ ಎಂದು ತೀರ್ಪು ಕೊಟ್ಟರು. ಮೇಷ್ಟ್ರು ಅದನ್ನೂ ಯಾವುದೋ ಆಳವಾದ ದೃಷ್ಟಾಂತವೆಂದು ತಿಳಿದು, ಬಹಳ ಸತ್ಯವಾದ ಮಾತು ಎಂದುಬಿಟ್ಟರು. ಹಿರಿಯ ಕಂಬುವಾ ಹಾಜರಿ ನೋಡಿ ಬೆರಗಾಗಿ, ನಮ್ಮಲ್ಲಿ ಭಕ್ತಿಯ ದೊಡ್ಡ ಉಜ್ಜೀವನ ಆಗುತ್ತಿದೆ ಎಂದು ಪಾದ್ರಿಗಳಿಗೆ ಪತ್ರ ಬರೆದರು.

ಪರೀಕ್ಷೆಯ ಭಾನುವಾರಕ್ಕೆ ಮೂರು ದಿನ ಇರುವಾಗ ನಿಜವಾದ ಮ್ಲಂಗಿಜಿ ಬಂದ. ಅವನ ಹೆಸರು ಮಟೊಲಾ. ತನ್ನ ಸರಹದ್ದಿನಲ್ಲಿ ತನಗೇ ಗೊತ್ತಿಲ್ಲದೆ ಇನ್ನೊಬ್ಬ ಮ್ಲಂಗಿಜಿ ಮೇಕೆ ಹಂಚುತ್ತಿದ್ದಾನೆಂದು ಕೇಳಿ ಅವನಿಗೆ ಮೈ ಉರಿದಿತ್ತು. ಮೇಷ್ಟ್ರು ಕಡಲೆಕಾಯಿ ಹೊಲದಲ್ಲಿ ಗುದ್ದಲಿ ಹಿಡಿದು ನಿಂತಿದ್ದರು, ನಾನು ಬದುವಿನ ಮೇಲೆ ಕೂತು ಅವರ ಸೈಕಲ್ ರಿಪೇರಿ ಮಾಡುತ್ತಿದ್ದೆ. ಮಟೊಲಾ ಮೋಟಾರ್‌ಸೈಕಲ್ ನಿಲ್ಲಿಸಿ, ಪುಸ್ತಕ ತೆಗೆದು, ನೇರ ವಿಷಯಕ್ಕೆ ಬಂದ.

"ಯಾವ ಯೋಜನೆ ನಿಮ್ದು?"

ಧರ್ಮದ ವಿಷಯ ವಿಚಾರಿಸಲು ಸರ್ಕಾರಿ ನೌಕರನೊಬ್ಬ ಹೊಲದವರೆಗೆ ಬಂದನಲ್ಲ ಎಂದು ಮೇಷ್ಟ್ರಿಗೆ ಕಣ್ಣು ತುಂಬಿತು. "ರಕ್ಷಣೆಯ ಯೋಜನೆ ಸ್ವಾಮಿ."

"ಬೆಳೆ ರಕ್ಷಣೆನೋ, ಮಣ್ಣಿನ ರಕ್ಷಣೆನೋ?"

"ಆತ್ಮರಕ್ಷಣೆ."

ಮೇಷ್ಟ್ರ ಕೈಯಲ್ಲಿ ಗುದ್ದಲಿ ಇತ್ತು. ಮಟೊಲಾ ಎರಡು ಹೆಜ್ಜೆ ಹಿಂದೆ ಸರಿದು ಬರೆದುಕೊಂಡ. ಆಮೇಲೆ, ದಾನಿಗಳು ಯಾರು ಎಂದ. ದೇವರು ಎಂದರು ಮೇಷ್ಟ್ರು. ಎಷ್ಟು ವರ್ಷದ ಅವಧಿ ಎಂದ. ನಿತ್ಯವಾದದ್ದು ಎಂದರು. ಅಷ್ಟು ಉದ್ದದ ಯೋಜನೆಯನ್ನು ಮಟೊಲಾ ಎಲ್ಲೂ ಕಂಡಿರಲಿಲ್ಲ, ಅವನ ಮುಖದಲ್ಲಿ ಸ್ವಲ್ಪ ಗೌರವ ಮೂಡಿತು.

"ಫಲಾನುಭವಿಗಳನ್ನ ಹೆಂಗೆ ಆರಿಸಿದ್ರಿ?"

"ನಾವ್ಯಾರು ಸ್ವಾಮಿ ಆರಿಸೋಕೆ? ಲೋಕ ಹುಟ್ಟೋಕೆ ಮುಂಚೆನೇ ಆತ ಆರಿಸಿಟ್ಟಿದ್ದಾನೆ."

ಮಟೊಲಾ ಪುಸ್ತಕ ಮುಚ್ಚಿದ. "ಎಲ್ಲಾ ಕಡೆ ಇದೇ ಹಣೆಬರಹ" ಎಂದ ಬೇಸರದಿಂದ. "ಪಟ್ಟಿ ಮೊದ್ಲೇ ಆಗಿರುತ್ತೆ." ಭಾನುವಾರ ಹಂಚುವಾಗ ತಾನೂ ಬಂದು ನೋಡುತ್ತೇನೆ ಎಂದು ಹೇಳಿ ಹೋದ. ಮೇಷ್ಟ್ರು ಅವನು ಹೋದ ದಾರಿಯನ್ನೇ ನೋಡುತ್ತ, ಅಣ್ಣಾ, ಇಂಥವರೂ ದೇವರ ಮಾತಿಗೆ ಹಸಿದಿದ್ದಾರೆ ನೋಡು ಎಂದರು. ಅಲ್ಲಿಯೇ ನಾನು, ಊರೆಲ್ಲ ಮೇಕೆಗೆ ಕಾಯುತ್ತಿದೆ ಎಂಬ ನಿಜ ಹೇಳಬೇಕಿತ್ತು. ಆದರೆ ಹಂಚುವಾಗ ಎಂಬ ಮಾತು ಸರ್ಕಾರಿ ಬಾಯಿಂದಲೇ ಬಂದಿತ್ತಲ್ಲ, ನನ್ನ ಲಕ್ಷ್ಯವೆಲ್ಲ ನನ್ನ ದೊಡ್ಡಿಯ ಬಾಗಿಲಿನ ಮೇಲಿತ್ತು.

ನಿಜ ಕಂಡುಹಿಡಿದವಳು ನಾಜೆರೆ. ಒಂದು ತಿಂಗಳಿಂದ ಅವಳ ಮನೆಗೆ ಹಸಿ ಕಡಲೆಕಾಯಿ, ಗೆಣಸು, ಕುಂಬಳಕಾಯಿ ತಾನಾಗಿ ನಡೆದು ಬರುತ್ತಿದ್ದವು. ಶನಿವಾರ ಮಧ್ಯಾಹ್ನ ನನ್ನ ಅತ್ತೆ ಒಂದು ಕೋಳಿಯನ್ನೇ ತಂದುಕೊಟ್ಟು, ಕಪ್ಪು ಮೇಕೆ ಬೇಡ, ಕಂದು ಇರಲಿ ಎಂದು ಕಿವಿಯಲ್ಲಿ ಹೇಳಿ ಬಂದಳು. ನಾನು ಸೈಕಲ್ ಕೊಡಲು ಹೋದಾಗ ಗಂಡ ಹೆಂಡತಿ ಒಲೆಯ ಮುಂದೆ ಕೂತಿದ್ದರು. ನಾಜೆರೆ ಜೋಳದ ಹಿಟ್ಟಿನ ಮುದ್ದೆ ತಿರುವುತ್ತಿದ್ದಳು. ತಿರುವುವ ರಭಸ ನೋಡಿಯೇ ನಾನು ಬಾಗಿಲಲ್ಲಿ ನಿಂತುಬಿಟ್ಟೆ.

"ಈ ಜನಕ್ಕೆ ಏನು ಕೊಡ್ತೀನಿ ಅಂದಿದೀರಿ ನೀವು?"

"ಅವರಿಗೆ ಬೇಕಾದ್ದನ್ನ."

"ಅವರಿಗೆ ಬೇಕಾಗಿರೋದು ಮೇಕೆ."

"ಅದು ಒಂದು ಮಾತು ಅಷ್ಟೆ, ಅದರ ಒಳಗಿನ ಅರ್ಥ..."

"ಒಳಗೂ ಮೇಕೆನೇ, ಹೊರಗೂ ಮೇಕೆನೇ. ನಾಲ್ಕು ಕಾಲಿಂದು. ಊರ ತುಂಬ ದೊಡ್ಡಿ ಕಟ್ಟಿದಾರೆ, ನಿಮಗೆ ಕಣ್ಣಿಲ್ವಾ?"

ಮೇಷ್ಟ್ರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅವರು ನಿಧಾನವಾಗಿ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. ಏಳು ವರ್ಷ ಕಲ್ಲಿಗೆ ಪಾಠ ಹೇಳಿದ ಹಾಗೆ ಹೇಳಿದ ಮನುಷ್ಯ, ಒಂದು ತಿಂಗಳು ತಾನು ಒಳ್ಳೆಯ ಮೇಷ್ಟ್ರು ಎಂದು ನಂಬಿದ್ದ. ಆದರೆ ಅವರು ಹೇಳಿದ್ದು ತಮ್ಮ ಬಗ್ಗೆಯಲ್ಲ. ನಾಳೆ ನಿಜ ಹೇಳಿದರೆ ಎಲ್ಲರೂ ಎದ್ದು ಹೋಗುತ್ತಾರೆ, ಕಂಬುವಾ ತರಗತಿ ಮುಚ್ಚುತ್ತಾರೆ, ಅಜ್ಜಿ ಹಾಡಿಲ್ಲದೆ ಹೋಗಬೇಕಾಗುತ್ತದೆ, ಹೇಳದಿದ್ದರೆ ದೇವರ ಮನೆಯಲ್ಲಿ ನಿಂತು ಸುಳ್ಳು ಹೇಳಿದ ಹಾಗೆ ಎಂದರು. ನಾಜೆರೆ ಮುದ್ದೆ ಬಡಿಸಿ ಅವರ ಮುಂದಿಟ್ಟಳು. "ಹೇಳಿ ಬಂದುಬಿಡಿ. ಚಾಪೆ ಕೊಡಲಿ ಹೊರಗೆ ಬಿದ್ದರೆ ನಾನೂ ಜೊತೆಗೆ ಬರ್ತೀನಿ" ಎಂದಳು.

ಭಾನುವಾರ ಪಾದ್ರಿ ಚಿಲೆಂಗಾ ಬಂದರು. ಹದಿನಾಲ್ಕು ಪ್ರಾರ್ಥನಾ ಮಂದಿರಗಳಿಗೆ ಒಬ್ಬರೇ ಪಾದ್ರಿಯಾದ್ದರಿಂದ ಅವರು ನಮ್ಮೂರಿಗೆ ಬರುವುದು ವರ್ಷಕ್ಕೆ ಎರಡು ಸಲ, ಅಷ್ಟರಲ್ಲೂ ಮುಂದಿನ ಊರಿನ ಅವಸರದಲ್ಲೇ ಇರುತ್ತಾರೆ. ಮಂದಿರ ಕಿಕ್ಕಿರಿದದ್ದು ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. ಬಾಗಿಲ ಬಳಿ ಇಟ್ಟಿದ್ದ ನೀರಿನ ಮಡಕೆಯನ್ನು ನೂರ ನಲವತ್ತು ಬಾಯಿಗಳು ಅಷ್ಟರಲ್ಲೇ ಖಾಲಿ ಮಾಡಿದ್ದವು. ಅದಕ್ಕಿಂತ ವಿಚಿತ್ರವಾದದ್ದು ಇನ್ನೊಂದಿತ್ತು: ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಹಗ್ಗ. ಕೆಲವರದು ಹೊಸದು, ಕೆಲವರದು ಗಂಟು ಹಾಕಿದ್ದು, ಯಜಮಾನರದು ನೈಲಾನಿನದು. ಮೇಕೆ ಕೊಟ್ಟ ಮೇಲೆ ಕಟ್ಟಿ ಎಳೆದುಕೊಂಡು ಹೋಗಲು ಏನಾದರೂ ಬೇಕಲ್ಲ.

ಪಾದ್ರಿಗಳು ಹಗ್ಗಗಳನ್ನು ನೋಡಿದರು. ಕಣ್ಣು ಒರೆಸಿಕೊಂಡರು. ನನ್ನ ಮೂವತ್ತು ವರ್ಷದ ಸೇವೆಯಲ್ಲಿ ಹೀಗೆ ತಮ್ಮ ಪಾಪದ ಬಂಧನಗಳನ್ನು ಕೈಯಲ್ಲೇ ಹಿಡಿದು ಬಂದ ಜನರನ್ನು ನೋಡಿರಲಿಲ್ಲ, ಇವತ್ತು ಇವುಗಳನ್ನೆಲ್ಲ ಇಲ್ಲೇ ಬಿಟ್ಟು ಹೋಗೋಣ ಎಂದರು. ಜನ ಹಗ್ಗವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡರು.

ಪರೀಕ್ಷೆ ಶುರುವಾಗುವ ಮೊದಲೇ ಯಜಮಾನರು ಎದ್ದರು. ಪಾಠವೆಲ್ಲ ಬಹಳ ಚೆನ್ನಾಗಿತ್ತು, ನಮ್ಮ ಜನರಿಗೆ ಎಲ್ಲ ಬಾಯಿಗೆ ಬಂದಿದೆ, ಬಿಸಿಲೇರುವ ಮೊದಲು ಮೇಕೆ ಲಾರಿ ಬಂದರೆ ಒಳ್ಳೆಯದು ಎಂದರು. ಹಿಂದಿನ ಗೋಡೆಗೆ ಒರಗಿ ನಿಂತಿದ್ದ ಮಟೊಲಾ ಪುಸ್ತಕ ತೆಗೆದ. ಪಾದ್ರಿಗಳು ಕಂಬುವಾ ಮುಖ ನೋಡಿದರು, ಕಂಬುವಾ ಮೇಷ್ಟ್ರ ಮುಖ ನೋಡಿದರು.

ಯೋಬು ಮೇಷ್ಟ್ರು ಬರಿದಲೆಯಲ್ಲಿ ಮುಂದೆ ಬಂದರು.

"ಮೇಕೆ ಇಲ್ಲ" ಎಂದರು. "ಯಾವತ್ತೂ ಇರ್ಲಿಲ್ಲ. ಗೊಬ್ಬರ ಇಲ್ಲ, ತಗಡಿಲ್ಲ. ನನ್ನ ಹತ್ರ ಇದ್ದಿದ್ದು ಈ ಪುಸ್ತಕ ಒಂದೇ. ನಾನು ಸರಿಯಾಗಿ ಹೇಳ್ಲಿಲ್ಲ, ನೀವು ಸರಿಯಾಗಿ ಕೇಳ್ಲಿಲ್ಲ. ತಪ್ಪು ನಂದು."

ಮಂದಿರ ಖಾಲಿಯಾಗಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅವತ್ತು ನನಗೆ ತಿಳಿಯಿತು. ಕ್ಯಾಥೊಲಿಕರು ಬೆಂಚು ಹೊತ್ತು ಹೊರಟರು. ಒಣಮೀನಿನವರು ಸಭ್ಯರು, ಪಾದ್ರಿಗಳಿಗೆ ನಮಸ್ಕಾರ ಹೇಳಿ ಹೋದರು. ನನ್ನ ಅತ್ತೆ ಮಾತ್ರ, ಕೋಳಿ ವಾಪಸು ಬರಬೇಕು ಎಂದು ಬಾಗಿಲಲ್ಲಿ ನಿಂತು ಹೇಳಿ ಹೋದಳು. ಯಜಮಾನರು ಹೋಗುತ್ತ, ಈ ಮನೆಯಳಿಯನ ವಿಷಯ ನಾಳೆ ಮಾತಾಡೋಣ ಎಂದು ಹೇಳಿದ್ದು ಎಲ್ಲರಿಗೂ ಕೇಳಿಸಿತು. ಕೊನೆಗೆ ಉಳಿದದ್ದು ಮಹಿಳಾ ಸಂಘದವರು, ಪರೀಕ್ಷೆ ನೋಡಲು ಬಂದ ಹಿರಿಯರು ಒಂದಿಬ್ಬರು, ಗೋಡೆಗೆ ಒರಗಿದ ಮಟೊಲಾ, ಮತ್ತೆ ಹಳೆಯ ತರಗತಿಯಿಂದ ಇಬ್ಬರು. ಒಬ್ಬಳು ಮಸೌತ್ಸೊ ಅಜ್ಜಿ. ಇನ್ನೊಬ್ಬ ನಾನು. ನಾನು ಉಳಿದದ್ದು ಭಕ್ತಿಯಿಂದಲ್ಲ. ನನ್ನ ಹಗ್ಗದ ಮೇಲೆ ನಾನೇ ಕೂತಿದ್ದೆ, ಎದ್ದರೆ ಮೇಷ್ಟ್ರಿಗೆ ಕಾಣುತ್ತಿತ್ತು.

ಕಂಬುವಾ ಗಂಟಲು ಸರಿಮಾಡಿಕೊಂಡು, ಇನ್ನು ಪರೀಕ್ಷೆ ಯಾಕೆ, ತರಗತಿ ಮುಚ್ಚಿದೆ ಎಂದು ಬರೆದುಬಿಡೋಣ ಎಂದರು. ಪಾದ್ರಿಗಳು ಗಡಿಯಾರ ನೋಡಿಕೊಂಡರು. ಒಬ್ಬ ಮುದುಕಿ ಕಾಯುತ್ತಿದ್ದಾಳಲ್ಲ, ಒಂದು ಪ್ರಶ್ನೆ ಕೇಳೋಣ ಎಂದು ಪುಸ್ತಕ ತೆರೆದರು. "ದೀಕ್ಷಾಸ್ನಾನ ಎಂದರೇನು, ತಾಯಿ?"

ಆ ಉತ್ತರ ಪುಸ್ತಕದಲ್ಲಿ ಆರು ಸಾಲು ಇದೆ. ಅಜ್ಜಿ ಬಾಯಿ ತೆರೆದಳು. ಮುಚ್ಚಿದಳು. ಮತ್ತೆ ತೆರೆದಳು. ಏನೂ ಬರಲಿಲ್ಲ.

"ಏಳನೇ ಸಲ" ಎಂದರು ಕಂಬುವಾ.

ಆಗ ಯೋಬು ಮೇಷ್ಟ್ರು ಕೈ ಎತ್ತಿದರು. ಅಯ್ಯನವರೇ, ಹತ್ತು ಎಣಿಸೋಕೆ ಬಿಡಿ ಎಂದರು. ಪಾದ್ರಿಗಳಿಗೆ ಅರ್ಥವಾಗಲಿಲ್ಲ, ಆದರೆ ಮೇಷ್ಟ್ರ ಮುಖ ನೋಡಿ ಬೇಡ ಎನ್ನಲಿಲ್ಲ. ಮೇಷ್ಟ್ರು ಅಜ್ಜಿಯ ಎದುರಿಗೆ ನೆಲದ ಮೇಲೆ ಕೂತು, ತುಟಿ ಆಡಿಸುತ್ತ, ಒಂದೊಂದೇ ಬೆರಳು ಮಡಿಸತೊಡಗಿದರು. ನಾಲ್ಕು ಆಯಿತು, ಐದು ಆಯಿತು. ನಾನೂ ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಅಷ್ಟು ಜೋರಾಗಿ ನಾನು ಯಾವತ್ತೂ ಪ್ರಾರ್ಥನೆ ಮಾಡಿರಲಿಲ್ಲ.

ಎಂಟಕ್ಕೆ ಅಜ್ಜಿ ಮಾತಾಡಿದಳು.

"ನಾನು ಮೊದಲ್ನೇ ದಿನವೇ ಹೇಳಿದೀನಿ. ಮೇಷ್ಟ್ರು ಬರ್ಕೊಂಡಿದಾರೆ." ಗೋಡೆಯ ಮೇಲಿನ ಪಟ್ಟಿಗೆ ಬೆರಳು ತೋರಿಸಿದಳು. "ನೀರು."

"ಅದು ಬೋರ್‌ವೆಲ್ ಅಲ್ವಾ?" ಎಂದೆ ನಾನು, ಬಾಯಿ ತಡೆಯಲಾರದೆ.

"ಬೋರ್‌ವೆಲ್ ಇಟ್ಕೊಂಡು ನಾನೇನು ಮಾಡ್ಲಿ? ನನಗೆ ಬೇಕಾಗಿದ್ದು ಒಂದು ಬೊಗಸೆ. ಇಲ್ಲಿಗೆ" ಎಂದು ತನ್ನ ನೆತ್ತಿ ಮುಟ್ಟಿದಳು. ಆಮೇಲೆ ಪಾದ್ರಿಗಳ ಕಡೆ ತಿರುಗಿದಳು. "ಆರು ಸಾಲು ನನಗೆ ಬರಲ್ಲ ಅಯ್ಯ. ಅವರೆಲ್ಲರಿಗೂ ಬರ್ತಿತ್ತು, ಮೇಕೆ ಇಲ್ಲ ಅಂದ ತಕ್ಷಣ ಎದ್ದು ಹೋದ್ರು. ಇಲ್ಲ ಅಂದ ಮೇಲೂ ನಾನು ಕೂತಿದೀನಿ. ಇದಕ್ಕಿಂತ ಜಾಸ್ತಿ ಏನು ಹೇಳಬೇಕು ನಾನು?"

ಪಾದ್ರಿಗಳು ಪುಸ್ತಕ ನೋಡಿದರು, ಅಜ್ಜಿಯನ್ನು ನೋಡಿದರು, ಪುಸ್ತಕ ಮುಚ್ಚಿದರು. ಕಂಬುವಾ ನಿಯಮದ ಬಗ್ಗೆ ಏನೋ ಹೇಳಲು ಹೊರಟವರು ಅರ್ಧಕ್ಕೆ ನಿಲ್ಲಿಸಿ ಮೂಗು ಒರೆಸಿಕೊಂಡರು. ಈಸ್ಟರ್ ದಿನ ತಾನು ಬೇರೆ ಊರಿನಲ್ಲಿರುತ್ತೇನೆ, ಆದದ್ದು ಇವತ್ತೇ ಆಗಲಿ, ನೀರು ತನ್ನಿ ಎಂದರು ಪಾದ್ರಿಗಳು.

ನೀರಿರಲಿಲ್ಲ. ಮಡಕೆ ಬೋರಲು ಮಾಡಿದರೂ ಒಂದು ಹನಿ ಬೀಳಲಿಲ್ಲ. ಬಾವಿಗೆ ಹೋಗಿ ಬರಲು ಅರ್ಧ ಗಂಟೆ ಬೇಕು. ಆಗ ಮಟೊಲಾ ಸದ್ದಿಲ್ಲದೆ ಹೊರಗೆ ಹೋಗಿ, ಮೋಟಾರ್‌ಸೈಕಲ್ಲಿಗೆ ಕಟ್ಟಿದ್ದ ನೀರಿನ ಬಾಟಲಿ ಬಿಚ್ಚಿ ತಂದು ಕೊಟ್ಟ. ಅರ್ಧ ಇತ್ತು.

ಅಜ್ಜಿ ಮಂಡಿಯೂರಿದಳು. ದೀಕ್ಷಾಸ್ನಾನಕ್ಕೆ ನಮ್ಮಲ್ಲಿ ಹೊಸ ಹೆಸರು ತೆಗೆದುಕೊಳ್ಳುವುದು ವಾಡಿಕೆ. ಮರಿಯಾ, ಮಾರ್ತಾ, ಯಾವುದಾದರೂ ಇರಲಿ ಎಂದು ಸಂಘದ ಹೆಂಗಸರು ಪಿಸುಗುಟ್ಟಿದರು. ಕಷ್ಟಗಳು ಅಂತ ಹೆಸರಿಟ್ಟುಕೊಂಡು ಪರಲೋಕಕ್ಕೆ ಹೋಗುವುದು ಚೆನ್ನಾಗಿರುವುದಿಲ್ಲ ಎಂದರು ಕಂಬುವಾ ಕೂಡ.

"ಬೇಡ" ಎಂದಳು ಅಜ್ಜಿ. "ಇಷ್ಟು ವರ್ಷ ಜೊತೆಗೆ ಬಂದಿದೆ. ಅದನ್ನೂ ತೋಯಿಸಿಬಿಡಿ."

ಪಾದ್ರಿಗಳು ಬಾಟಲಿಯ ನೀರನ್ನು ಅಂಗೈಗೆ ಸುರಿದುಕೊಂಡು ಮಸೌತ್ಸೊ ಎಂದು ಹೆಸರು ಹೇಳಿ ಮೂರು ಸಲ ನೆತ್ತಿಗೆ ಹಾಕಿದರು. ನೀರು ಅವಳ ಸುಕ್ಕುಗಳಲ್ಲಿ ದಾರಿ ಹುಡುಕಿಕೊಂಡು ಗದ್ದದವರೆಗೆ ಇಳಿಯಿತು. ಯೋಬು ಮೇಷ್ಟ್ರು ಎದ್ದು ಹೋಗಿ ಗೋಡೆಯ ಪಟ್ಟಿಯಲ್ಲಿ ನೀರು ಎನ್ನುವುದರ ಮೇಲೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದರು. ಗೆರೆ ನೆಟ್ಟಗೆ ಬರಲಿಲ್ಲ, ಕಣ್ಣು ತುಂಬಿ ಅವರಿಗೆ ಕಾಣುತ್ತಿರಲಿಲ್ಲ. ಮಟೊಲಾ ನನ್ನ ಪಕ್ಕ ಬಂದು ಕೂತು, ನಾನು ಹನ್ನೊಂದು ವರ್ಷದಿಂದ ಇಂಥ ಪಟ್ಟಿ ಬರೆಸ್ತಿದೀನಿ, ಅದರಲ್ಲಿ ಒಂದು ಸಾಲು ಹೊಡೆದುಹಾಕಿದ್ದು ಇವತ್ತೇ ನೋಡಿದ್ದು ಎಂದ.

ಸಂಘದ ಹೆಂಗಸರಿಗೆ ತಡೆಯಲಾಗಲಿಲ್ಲ, ಹಾಡು ಎತ್ತಿಬಿಟ್ಟರು. ಅವಸರದಲ್ಲಿ ಅವರ ಬಾಯಿಗೆ ಬಂದದ್ದು ಮಣ್ಣು ಮಾಡುವಾಗ ಹಾಡುವ ಹಾಡು. ಗೊತ್ತಾಗಿ ಗಾಬರಿಯಿಂದ ನಿಲ್ಲಿಸಿದರು.

"ನಿಲ್ಲಿಸ್ಬೇಡಿ, ಪೂರ್ತಿ ಹಾಡಿ" ಎಂದಳು ಅಜ್ಜಿ. "ಆಮೇಲೆ ನನಗೆ ಕೇಳ್ಸುತ್ತೋ ಇಲ್ವೋ."

ಪೂರ್ತಿ ಹಾಡಿದರು. ಅಜ್ಜಿ ಕಣ್ಣು ಮುಚ್ಚಿ ಕೇಳಿದಳು. ಎರಡನೇ ಸಾಲನ್ನು ಅಷ್ಟು ಎಳೆಯಬೇಡಿ, ಹೊತ್ತವರಿಗೆ ಹೆಗಲು ನೋಯುತ್ತದೆ ಎಂದು ಒಂದು ತಿದ್ದುಪಡಿ ಹೇಳಿದಳು. ಆಮೇಲೆ ನನ್ನ ಕೈ ಹಿಡಿದು ಎದ್ದು, ನಾನು ಕೂತಿದ್ದ ಜಾಗದಲ್ಲಿ ಬಿದ್ದಿದ್ದ ಹಗ್ಗವನ್ನು ಬಗ್ಗಿ ತೆಗೆದುಕೊಂಡು, ಪಕ್ಕದಲ್ಲೇ ಕೂತಿದ್ದ ಮಟೊಲಾನ ಕಡೆ ತಿರುಗಿ ನಿಂತಳು.

"ನೀನು ನಿಜವಾದ ಮ್ಲಂಗಿಜಿ ಅಲ್ವೇನಪ್ಪ?"

ಹೌದು ಎಂದ ಮಟೊಲಾ.

"ಹಂಗಾದ್ರೆ ಬರ್ಕೋ. ಮಸೌತ್ಸೊ, ಒಂದು ಹೆಣ್ಣು ಮೇಕೆ. ಹೆಸರು ಇನ್ನೂ ಒದ್ದೆ ಇದೆ, ಅಳಿಸಿ ಹೋಗದ ಹಾಗೆ ಬರಿ."